ಮೌಲಾಸಾಬರು ಬೆನ್ನು ಕೊಟ್ಟ ದಿನ

ಮೌಲಾಸಾಬರು ಒಟ್ಟಿದ ಕಟ್ಟಿಗೆಗೆ ಎಂದೂ ಬೆನ್ನು ತಿರುವಿದವರಲ್ಲ. ಬೆಟಗೇರಿಯ ತಮ್ಮ ಕಟ್ಟಿಗೆ ಅಡ್ಡೆಯಲ್ಲಿ ಚಹಾ ಕುಡಿಯುವಾಗಲೂ ಅದರ ಕಡೆ ಮುಖ ಮಾಡಿಯೇ ಕೂಡುತ್ತಿದ್ದರು. "ಒಟ್ಟಿದ ಕಟ್ಟಿಗಿ ಮಲಗಿದ ಎಮ್ಮಿ ಅಲ್ಲಬೇ ತಂಗಿ, ಕುಂತ ಹುಲಿ" ಅನ್ನುತ್ತಿದ್ದರು. ನಾನು ನಗುತ್ತಿದ್ದೆ.

ಮೊನ್ನೆ ನನ್ನ ಮಗಳು ಗಂಗಿ ಹಡೆದಳು. ಬೆಣ್ಣೆಮುದ್ದೆಯಂಥ ಹೆಣ್ಣು ಕೂಸು! ಖುಷಿ ತಡೆಯದೆ ಓಣಿಗೆಲ್ಲ ಸಕ್ಕರೆ ಹಂಚಿದೆ. ಹಂಚುತ್ತಿರುವಾಗಲೇ ಗಂಗಿ ಮೂರು ವರ್ಷದವಳಿದ್ದಾಗಿನ ಆ ದಿನ ಕಣ್ಣಿಗೆ ಕಟ್ಟಿತು.

ಮೌಲಾಸಾಬರು ಕಟ್ಟಿಗೆ ತೂಗುತ್ತಿರಲಿಲ್ಲ, ಅಳೆದು ಮಾರುತ್ತಿದ್ದರು. ನಾಲ್ಕು ಮೊಳ ಉದ್ದ, ಎದೆಯೆತ್ತರ ಒಟ್ಟಿದರೆ ಒಂದು ಅಳತೆ. "ಹಸಿ ಕಟ್ಟಿಗಿ ತಕ್ಕಡ್ಯಾಗ ಸುಳ್ಳ ಹೇಳತೈತಿ, ಮೊಳದಾಗ ಹೇಳಂಗಿಲ್ಲ." ನಡುವೆ ತುಂಡುಗಳನ್ನು ಒಂದೇ ದಿಕ್ಕಿಗೆ ಮಲಗಿಸಿ, ಎರಡೂ ತುದಿಗೆ ಮಾತ್ರ ಒಂದರ ಮೇಲೊಂದು ಅಡ್ಡಡ್ಡ ಇಡುತ್ತಿದ್ದರು. ಆ ಸಂದಿಗಳಲ್ಲಿ ನನ್ನ ಮುಷ್ಟಿ ಹೋಗುತ್ತಿತ್ತು. ಅದೇ ನನ್ನ ಹೊಟ್ಟೆಯುರಿ.

ಮೈದುನನ ಮದುವೆಗೆ ಕಟ್ಟಿಗೆ ಬೇಕಾದಾಗ ಜಗಳವನ್ನೇ ತೆಗೆದೆ.

"ಕಾಕಾ, ಗಾಳಿಗೂ ರೊಕ್ಕಾ ತಗೋತೀರೇನು?"

"ತುದಿ ಅಡ್ಡ ಇಡದಿದ್ರ ನಿಂದರಂಗಿಲ್ಲ, ಹುಚ್ಚಿ."

"ರೊಟ್ಟಿ ಒಟ್ಟಿದಂಗ ಒಟ್ಟತೇನಿ, ನೋಡ್ರಿ."

ಅನುಮಾನವಿದ್ದ ಗಿರಾಕಿ ತಾನೇ ಒಟ್ಟಿಕೊಳ್ಳಬಹುದು ಎಂಬುದು ಅಡ್ಡೆಯ ರೂಢಿ. ಅವರು ಸರಿದು ನಿಂತರು. ನಾನು ತುದಿಯಿಂದ ತುದಿಗೆ ಎಲ್ಲವನ್ನೂ ಒಂದೇ ದಿಕ್ಕಿಗೆ, ಬೆರಳು ತೂರದಂತೆ ಒಟ್ಟಿದೆ. "ಸಾಕು, ಇನ್ನ ಏರಿಸಬ್ಯಾಡ" ಅಂದರು. ಹಟಕ್ಕೆ ಇನ್ನೆರಡು ಸಾಲು ಏರಿಸಿದೆ.

ನನ್ನ ಜೊತೆ ಬಂದಿದ್ದ ಗಂಗಿ ಯಾವಾಗ ಕಟ್ಟಿಗೆಯ ಆಚೆ ತುದಿಗೆ ಹೋಗಿ ಕೂತಿದ್ದಳೋ, ತೊಗಟೆ ಆರಿಸುತ್ತಿದ್ದಳು. ಅವಳ ತಲೆಯ ಮೇಲಿನ ತುಂಡು ಕರ್ರೆಂದು ಜರುಗಿತು. ನಾನು ಚೀರಲು ಬಾಯಿ ತೆರೆದೆ.

ಮೌಲಾಸಾಬರು ಹಾರಿಹೋಗಿ ಕಟ್ಟಿಗೆಗೆ ಬೆನ್ನು ಕೊಟ್ಟು ನಿಂತರು. ಅವರ ಕಾಲುಗಳ ನಡುವೆ ಗಂಗಿ. ಎತ್ತಲು ಬಾಗಿದರೆ ಎಲ್ಲ ಉರುಳುತ್ತಿತ್ತು.

"ಚೀರಬ್ಯಾಡ. ಚೀರಿದ್ರ ಹೆದರಿ ಅಲ್ಲೇ ಕುಂಡ್ರತೈತಿ ಕೂಸು. ನಕ್ಕೋಂತ ಕರಿ."

ನಗು! ಎಲ್ಲಿಂದ ತರಲಿ? ಅವರ ಅಂಗಿ ಹರಿದು ಹೆಗಲಿಂದ ರಕ್ತ ಇಳಿಯುತ್ತಿತ್ತು.

"ಬಾರವ್ವಾ ಗಂಗೀ, ಬೆಲ್ಲಾ ಕೊಡ್ತೇನಿ."

"ಎಷ್ಟ?" ಅಂದಳು ಗಂಗಿ.

"ಕೈ ತುಂಬ."

"ಎರಡೂ ಕೈ?"

"ಹ್ಞೂಂ ಅನ್ನಬೇ ಲಗೂ!" ಮೌಲಾಸಾಬರು ಹಲ್ಲು ಕಚ್ಚಿದರು. "ತಾಯಿ ಹಂಗ ಮಗಳು."

"ಹ್ಞೂಂ, ಎರಡೂ ಕೈ" ಅಂದೆ.

ಎದ್ದಳು. ಎರಡು ಹೆಜ್ಜೆ. ಮೂರು. ನನ್ನ ಮೊಣಕಾಲಿಗೆ ಬಂದು ಬಿದ್ದಳು. ಆಗ ಉರುಳಿತು, ಎಲ್ಲವೂ, ಅವರ ಮೇಲೆ.

ಜೀವ ಉಳಿಯಿತು, ಎಡಗಾಲು ಮುರಿಯಿತು. ಆಮೇಲೆ ಅಡ್ಡೆ ಮುಚ್ಚಿ ಲಕ್ಷ್ಮೇಶ್ವರದ ಮಗಳ ಮನೆ ಸೇರಿದರು. ಅಲ್ಲೇ ತೀರಿಕೊಂಡರೆಂದು ಖಬರು ಬಂತು. ಅವರು ಲಕ್ಷ್ಮೇಶ್ವರಕ್ಕೆ ಹೊರಡುವ ಮುನ್ನ ಗಂಗಿಯನ್ನು ಎತ್ತಿಕೊಂಡು ಅವರನ್ನು ನೋಡಲು ಹೋಗಿದ್ದೆ. ತಪ್ಪಾಯಿತು ಎನ್ನಲು ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. ಒಳಗೆ ಹೋಗಿ ಗಂಗಿಯನ್ನು ಅವರ ಕೈಗೆ ಕೊಟ್ಟೆ, ಅಷ್ಟೇ. ಅವರು ಅವಳನ್ನು ಹಾಸಿಗೆಯ ಮೇಲೆ ಕೂಡಿಸಿಕೊಂಡು, ಕೈಬೆರಳು, ಕಾಲ್ಬೆರಳು ಒಂದೊಂದೇ ಮುಟ್ಟಿ ನೋಡಿದರು.

"ಎಲ್ಲಾ ಅದಾವ" ಎಂದು ಗೋಡೆಯ ಕಡೆ ಮುಖ ತಿರುವಿಕೊಂಡರು. ಹೆಗಲು ಬಹಳ ಹೊತ್ತು ಅಲುಗುತ್ತಿತ್ತು.