ನಾಲ್ಕನೆಯ ಇಯತ್ತೆಯ ಮೂಗು ಹಿಡಿಯುವ ಶಿಕ್ಷೆ

ನನಗೆ ಯಾವಾಗಲೂ ಉತ್ತರ ಗೊತ್ತಿರುತ್ತಿತ್ತು. ಅದೇ ನನ್ನ ಗ್ರಹಚಾರ. ಧಾರವಾಡದಿಂದ ಬಂದು ಫೋರ್ಟಿನ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮಪ್ಪ, ಸಂಜೆ ಮನೆಗೆ ಬಂದು ಕೋಟು ಗೂಟಕ್ಕೆ ಹಾಕುವ ಮೊದಲೇ ಮಗ್ಗಿ ಕೇಳುತ್ತಿದ್ದರು. ಒಪ್ಪಿಸದೆ ಊಟದ ತಟ್ಟೆ ಮುಂದೆ ಕೂರುವಂತಿರಲಿಲ್ಲ. ಹೀಗಾಗಿ ಪರೇಲಿನ ನಮ್ಮ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಬರುವ ಹೊತ್ತಿಗೆ ನಾನು ಜಾಣೆ ಎಂದು ಹೆಸರಾಗಿದ್ದೆ. ಐವತ್ತರ ದಶಕದ ನಡುವಿನ ಮಾತು. ಆ ಹೆಸರು ನನಗೆ ಬಲು ಇಷ್ಟವಾಗಿತ್ತು, ಸುಳ್ಳೇಕೆ ಹೇಳಲಿ.

ಆ ಕಾಲದಲ್ಲಿ ಕನ್ನಡ ಶಾಲೆ ಕಲಿತವರಿಗೆ ಮೂಗು ಹಿಡಿಯುವ ಶಿಕ್ಷೆಯನ್ನು ವಿವರಿಸಬೇಕಾಗಿಲ್ಲ. ನನ್ನ ಮೊಮ್ಮಕ್ಕಳು ಮಾತ್ರ ನಂಬುವುದಿಲ್ಲ. ಮಾಸ್ತರರು ಒಂದು ಪ್ರಶ್ನೆ ಕೇಳುತ್ತಾರೆ. ಗೊತ್ತಿಲ್ಲದವರೆಲ್ಲ ಎದ್ದು ನಿಲ್ಲಬೇಕು. ಸರಿಯಾಗಿ ಹೇಳಿದ ಹುಡುಗನೋ ಹುಡುಗಿಯೋ ಸಾಲಿನ ತುದಿಯಿಂದ ಹೊರಟು, ಒಬ್ಬೊಬ್ಬರ ಮೂಗನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಕೆನ್ನೆಗೆ ಬಾರಿಸುತ್ತ ಹೋಗಬೇಕು. ಮೂಗು ಹಿಡಿಯುವುದೇಕೆಂದರೆ ಮುಖ ಅತ್ತಿತ್ತ ತಿರುಗಬಾರದು. ನಮ್ಮ ಮಾಸ್ತರರು ಉಡುಪಿ ಕಡೆಯವರು, ಒಗೆದ ಧೋತರ, ಮೆತ್ತಗಿನ ದನಿ. ಕೆಟ್ಟವರೆಂದು ಹೇಳಲಾರೆ. ಆದರೆ ತಮ್ಮ ಕೈಗೆ ಕೆಲಸ ಕೊಡದೆ ನಲವತ್ತು ಮಕ್ಕಳ ಶಿಸ್ತನ್ನು ನನ್ನ ಒಂದು ಅಂಗೈಯಿಂದ ಕಾಯುತ್ತಿದ್ದರು. ದಿನಕ್ಕೆ ಎಷ್ಟು ಕೆನ್ನೆಗಳಿಗೆ ಹೊಡೆಯುತ್ತಿದ್ದೆನೋ, ಸಂಜೆ ಕೈ ಉರಿಯುತ್ತಿತ್ತು.

ಶಾಲೆ ಬಿಟ್ಟಮೇಲೆ ಗೇಟಿನ ಹೊರಗೆ ಎರಡನೆಯ ಶಾಲೆ ಶುರುವಾಗುತ್ತಿತ್ತು. ಒಳಗೆ ಹೊಡೆಸಿಕೊಂಡವರು ಹೊರಗೆ ಹೊಡೆದವರಿಗಾಗಿ ಕಾಯುತ್ತಿದ್ದರು. ಗಂಡುಮಕ್ಕಳು ಪಾಟಿಯ ಕಟ್ಟಿನಿಂದಲೇ ಬಡಿದಾಡುತ್ತಿದ್ದರು. ನನ್ನ ಜಡೆಯನ್ನು ಹಿಂದಿನಿಂದ ಎಳೆದು ಓಡುವವರು, ಲಂಗಕ್ಕೆ ಮಸಿ ಚೆಲ್ಲುವವರು ದಿನವೂ ಇದ್ದರು. ಹೆಡ್‌ಮಾಸ್ತರರು ಬೆತ್ತ ಹಿಡಿದು ಗೇಟಿಗೆ ಬಂದು, "ಚಾಳಿನ ಮಕ್ಕಳು, ಸಂಸ್ಕಾರ ಎಲ್ಲಿಂದ ಬರಬೇಕು!" ಎಂದು ನಾಲ್ಕು ಜನಕ್ಕೆ ಕೊಟ್ಟು ಹೋಗುತ್ತಿದ್ದರು. ಸಂಸ್ಕಾರ ಬೆಳಿಗ್ಗೆ ಹನ್ನೊಂದರಿಂದ ಒಳಗೇ ನಡೆಯುತ್ತಿತ್ತೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಇಷ್ಟಾದರೂ ನನಗೊಬ್ಬ ಗೆಳತಿ ಇದ್ದಳು. ನಮ್ಮ ಚಾಳಿನ ಎರಡನೆಯ ಮಜಲೆಯಲ್ಲಿ, ನಮ್ಮ ಖೋಲಿಯಿಂದ ಮೂರನೆಯ ಬಾಗಿಲು ಅವಳದು. ವಿಜಾಪುರದ ಕಡೆಯವರು. ಅಪ್ಪ ಗಿರಣಿಯಲ್ಲಿ ಮಗ್ಗ ನೋಡುತ್ತಿದ್ದ. ಬೆಳಿಗ್ಗೆ ನಳದ ಸಾಲಿನಲ್ಲಿ ನಮ್ಮ ಕೊಡಗಳು ಒಂದರ ಪಕ್ಕ ಒಂದು. ಅವಳಿಗೆ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ, ಹೀಗಾಗಿ ದಿನಕ್ಕೆರಡು ಸಲವಾದರೂ ನನ್ನ ಕೈಗೆ ಸಿಗುತ್ತಿದ್ದಳು. ಅದಕ್ಕೆ ಉಪಾಯವನ್ನೂ ಅವಳೇ ಕಂಡುಹಿಡಿದಳು. ಅಂಗೈಯನ್ನು ಬಟ್ಟಲು ಮಾಡಿ ಹೊಡೆದರೆ ಸಪ್ಪಳ ದೊಡ್ಡದು, ನೋವು ಇಲ್ಲವೆನ್ನುವಷ್ಟು. ಚಾಳಿನ ಗ್ಯಾಲರಿಯಲ್ಲಿ ನಿಂತು ಒಬ್ಬರ ಕೆನ್ನೆಗೆ ಒಬ್ಬರು ಹೊಡೆದು ಅಭ್ಯಾಸ ಮಾಡಿದೆವು.

"ಇನ್ನೂ ಸ್ವಲ್ಪ ಬಗ್ಗಸು ಕೈ. ಹಾಂ, ಈಗ ಬಂತ ನೋಡು!" ಎಂದು ಅವಳು ನಕ್ಕು ನಕ್ಕು ಕಟಕಟೆಗೆ ಒರಗಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕೆಳಗಿನ ಮಜಲೆಯ ಮರಾಠಿ ಮೌಶಿ, ಇವಕ್ಕೇನು ಹುಚ್ಚೇ ಎಂದು ತಲೆ ಎತ್ತಿ ನೋಡಿದಳು. ನನ್ನ ಬಾಲ್ಯದ ಒಳ್ಳೆಯ ದಿನ ಯಾವುದೆಂದು ಕೇಳಿದರೆ ಅದೇ.

ಶ್ರಾವಣದಲ್ಲಿ ಅವಳಿಗೆ ಮೂಗು ಚುಚ್ಚಿಸಿದರು. ಅಕ್ಕಸಾಲಿಗನ ಹತ್ತಿರ ಅವಳು ಅಳಲೇ ಇಲ್ಲವಂತೆ. ಎಳೆಯಷ್ಟು ತೆಳ್ಳಗಿನ ಬಂಗಾರದ ತಂತಿ, ಸುತ್ತ ಅರಿಶಿನ, ಕೊಬ್ಬರಿ ಎಣ್ಣೆ. ಮೂಗಿನ ಆ ಪಕ್ಕ ಕೆಂಪಾಗಿ ಉಬ್ಬಿತ್ತು. ಮೂರನೆಯ ದಿನವೇ ಶಾಲೆಗೆ ಬಂದಳು. ಮಾಸ್ತರರು ಭಾಗಾಕಾರದ ಲೆಕ್ಕ ಕೇಳಿದರು. ನಾನು ಹೇಳಿದೆ. ಹದಿನಾರು ಮಕ್ಕಳು ಎದ್ದು ನಿಂತರು. ನಾನು ಹೊಡೆಯುತ್ತ ಅವಳವರೆಗೆ ಬಂದೆ, ಮೂಗು ಮುಟ್ಟಿದಂತೆ ಮಾಡಿದೆ, ಬಟ್ಟಲುಗೈಯಿಂದ ಕೊಟ್ಟೆ. ಸಪ್ಪಳ ಚೆನ್ನಾಗಿಯೇ ಬಂತು.

ಆ ದಿನ ಮಾಸ್ತರರು ಹತ್ತಿರದಲ್ಲೇ ನಿಂತಿದ್ದರು.

"ಎಂತ ಆಟ ಇದು? ನಾನು ಕುರುಡ ಅಂತ ಮಾಡಿದ್ದೀಯಾ?" ಎಂದರು. ಅವರ ಮೆತ್ತಗಿನ ದನಿ ಏರಲೇ ಇಲ್ಲ. "ಹೊಡೆಯುವುದು ಹೇಗೆ ಅಂತ ನಾನು ತೋರಿಸ್ತೇನೆ, ಬಾ ಇಲ್ಲಿ." ನನ್ನ ಮೂಗು ಹಿಡಿದು, ಇಡೀ ವರ್ಗದ ಮುಂದೆ, ನನ್ನ ಕೆನ್ನೆಗೆ ಕೊಟ್ಟರು. ಶಾಲೆಯಲ್ಲಿ ನಾನು ತಿಂದ ಮೊದಲ ಪೆಟ್ಟು ಅದು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಈಗ ಕೊಡು. ಸರಿಯಾಗಿ" ಎಂದರು ಮಾಸ್ತರರು.

ತಂತಿ ಇದ್ದದ್ದು ಮರೆತೇ ಹೋಗಿತ್ತೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಮರೆತಿರಲಿಲ್ಲ. ಅರಿಶಿನ ಹಚ್ಚಿದ ಆ ಮೂಗು ನನ್ನ ಕಣ್ಣ ಮುಂದೆಯೇ ಇತ್ತು. ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು, ಹೆದರಿರಲಿಲ್ಲ, ನಾನು ಏನಾದರೂ ಉಪಾಯ ಮಾಡುತ್ತೇನೆಂದು ನಂಬಿದ್ದಳು. ನನಗೆ ಮಾತ್ರ ಕಿವಿಯಲ್ಲಿ ಆ ಕಿಸಕ್ಕೆಂದ ನಗೆಯೇ ತುಂಬಿತ್ತು. ಇವಳ ದೆಸೆಯಿಂದ ಹೊಡೆಸಿಕೊಂಡೆ ಎಂಬ ಸಿಟ್ಟು ಬಂತು. ಮೂಗನ್ನು ಗಟ್ಟಿಯಾಗಿ ಹಿಡಿದೆ, ಹೊಡೆದೆ. ಮುಖ ತಿರುಗಿತು, ನನ್ನ ಬೆರಳು ಬಿಡಲಿಲ್ಲ. ತಂತಿ ಹರಿದುಕೊಂಡು ನನ್ನ ಕೈಗೆ ಬಂತು. ಅವಳ ಪೋಲಕದ ಎದೆಯ ಮೇಲೆಲ್ಲ ರಕ್ತ.

ಅವಳ ಅವ್ವ ನಮ್ಮ ಮನೆಗೆ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ನಮ್ಮವ್ವ ತಂತಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟುಬಂದಾಗ, "ಮಾಸ್ತರು ಹೊಡಿ ಅಂದ್ರ ಕೂಸು ಏನ ಮಾಡೀತರೀ, ವೈನಿ" ಎಂದಳಂತೆ. ಆ ಮಾತು ಕೇಳಿ ನಮ್ಮವ್ವನಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಮರುದಿನ ನಳದ ಸಾಲಿನಲ್ಲಿ ನನ್ನ ಗೆಳತಿ ತನ್ನ ಕೊಡವನ್ನು ನನ್ನ ಕೊಡದ ಪಕ್ಕದಿಂದ ಎತ್ತಿ ನಾಲ್ಕು ಜನರ ಹಿಂದೆ ಇಟ್ಟಳು. ಮೂಗಿಗೆ ಬಟ್ಟೆಯ ಪಟ್ಟಿ ಇತ್ತು. ಗಾಯ ಮಾಯುವಾಗ ತೂತು ಮುಚ್ಚಿಕೊಂಡಿತು, ಒಂದು ಸಣ್ಣ ಗೆರೆ ಉಳಿಯಿತು.

ಅಲ್ಲಿಂದ ನಾನು ಉತ್ತರ ಹೇಳುವುದನ್ನು ಬಿಟ್ಟೆ. ಯಾರಿಗೂ ಹೇಳದೆ ಮಾಡಿಕೊಂಡ ವ್ರತ ಅದು. ಪ್ರಶ್ನೆ ಕೇಳಿದರೆ ನಾಲಿಗೆಯ ತುದಿಯಲ್ಲಿ ಉತ್ತರವಿಟ್ಟುಕೊಂಡು ಎದ್ದು ನಿಲ್ಲುತ್ತಿದ್ದೆ. ಈಗ ಬೇರೆಯವರು ಬಂದು ನನ್ನ ಮೂಗು ಹಿಡಿಯುತ್ತಿದ್ದರು, ಹಳೆಯ ಬಾಕಿಯನ್ನೆಲ್ಲ ಸೇರಿಸಿ ಕೊಡುತ್ತಿದ್ದರು. ಪಕ್ಕದಲ್ಲಿ ಅವಳೂ ನಿಂತಿರುತ್ತಿದ್ದಳು. ನಾನು ಸುಮ್ಮನಿರುವುದು ಯಾಕೆಂದು ಅವಳಿಗೆ ತಿಳಿಯಬಹುದು, ಒಂದು ಸಲ ಈ ಕಡೆ ನೋಡಬಹುದು ಎಂದು ಆಸೆಪಡುತ್ತಿದ್ದೆ. ಅವಳು ಕಿಟಕಿಯ ಆಚೆ ಗಿರಣಿಯ ಚಿಮಣಿಯನ್ನೇ ನೋಡುತ್ತಿದ್ದಳು. ಮಾಸ್ತರರು ನಮ್ಮಪ್ಪನನ್ನು ಕರೆಸಿ, "ಹುಡುಗಿಗೆ ದೃಷ್ಟಿ ತಾಗಿದೆಯೋ ಏನೋ" ಎಂದರು. ನಮ್ಮಪ್ಪ ದೃಷ್ಟಿ ತೆಗೆಸಿದರು, ಮಗ್ಗಿಯನ್ನು ಮೂವತ್ತರವರೆಗೆ ಏರಿಸಿದರು. ಮಧ್ಯಾಹ್ನದ ಬಿಡುವಿನಲ್ಲಿ ನೀರಿನ ಹಂಡೆಯ ಹಿಂದೆ ಒಬ್ಬಳೇ ಕೂತು ಚಪಾತಿ ತಿನ್ನುತ್ತಿದ್ದೆ. ಆ ಆರು ತಿಂಗಳಲ್ಲಿ ನನ್ನ ಜೊತೆ ತಾನಾಗಿ ಮಾತಾಡಿದ ಮಕ್ಕಳು ಯಾರೂ ನೆನಪಿಗೆ ಬರುವುದಿಲ್ಲ. ಜಾಣೆ ಎಂಬ ಹೆಸರೂ ಹೋಗಿತ್ತು, ಹೊಡೆಯುವವಳು ಎಂಬುದು ಮಾತ್ರ ಹಾಗೇ ಉಳಿದಿತ್ತು.

ಮಾಘದ ಒಂದು ದಿನ ಭೂಗೋಳದ ಪಾಠ. ಭೀಮಾ ನದಿ ಯಾವ ನದಿಯನ್ನು ಸೇರುತ್ತದೆ ಎಂದು ಮಾಸ್ತರರು ಕೇಳಿದರು. ನಾನು ಎಂದಿನಂತೆ ಎದ್ದು ನಿಂತೆ. ಸುತ್ತ ಎಲ್ಲರೂ ಎದ್ದರು. ನನ್ನ ಗೆಳತಿ ಒಬ್ಬಳೇ ಕೂತಿದ್ದಳು.

"ಕೃಷ್ಣಾ ರೀ ಸರ" ಎಂದಳು. "ನಮ್ಮ ಆಯಿಯ ಊರು ಭೀಮಾ ದಂಡ್ಯಾಗ ಐತ್ರಿ."

"ಅರೆ, ಭೇಷ್!" ಎಂದರು ಮಾಸ್ತರರು. ಅವರಿಗೆ ನಿಜಕ್ಕೂ ಸಂತೋಷವಾಗಿತ್ತು. "ಹೂಂ, ಶುರು ಮಾಡು. ಆ ಕಡೆಯಿಂದ."

ಆ ಕಡೆಯೆಂದರೆ ಮೊದಲು ನಿಂತವಳು ನಾನೇ. ಏನಾಗಬೇಕೆಂದು ವರ್ಗಕ್ಕೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು, ಅದು ಬೇಕಾಗಿಯೂ ಇತ್ತು. ಅವಳು ಎಷ್ಟು ಬೇಕೋ ಅಷ್ಟು ಹೊಡೆದುಬಿಡಲಿ, ನಾಳೆ ಕೊಡ ಪಕ್ಕಕ್ಕೆ ಬರಲಿ. ಅವಳು ಎದುರಿಗೆ ಬಂದು ನಿಂತಾಗ ಮುಖವನ್ನು ನಾನೇ ಮುಂದೆ ಚಾಚಿದೆ.

ಅವಳು ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡಳು.

"ನಾ ಒಲ್ಲೆರೀ ಸರ" ಎಂದಳು.

"ಎಂತ?"

"ಹೊಡಿಯಾಕ ನಾ ಒಲ್ಲೆರೀ."

ಮಾಸ್ತರರು ಬೆತ್ತ ತರಿಸಿದರು. ಎರಡು ಅಂಗೈಗೂ ಮೂರು ಮೂರು. ಅವಳು ಕೈ ಹಿಂದಕ್ಕೆಳೆಯಲಿಲ್ಲ. ತನ್ನ ಜಾಗಕ್ಕೆ ಹೋಗಿ, ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಳು. ನಾನು ಮುಖ ಚಾಚಿಕೊಂಡೇ ನಿಂತಿದ್ದೆ. ಆ ಶ್ರಾವಣದ ದಿನ ನಾನೂ ಒಲ್ಲೆ ಎನ್ನಬಹುದಿತ್ತು. ಮಾಸ್ತರರ ಎದುರು ಆ ಮಾತು ಹೇಳಬಹುದೆಂದು ನಲವತ್ತು ಮಕ್ಕಳಲ್ಲಿ ಯಾರಿಗೂ ತಿಳಿದಿರಲಿಲ್ಲ, ಎಲ್ಲ ಉತ್ತರ ಗೊತ್ತಿದ್ದ ನನಗೂ ತಿಳಿದಿರಲಿಲ್ಲ. ಅದಕ್ಕೆ ಬೆಲೆ ಆರು ಬೆತ್ತದೇಟು. ನಾನು ಕೊಡದೆ ಉಳಿಸಿಕೊಂಡದ್ದು ಅಷ್ಟೇ.

ಮರುದಿನ ಇಂಗ್ಲಿಷ್ ತಿಂಗಳುಗಳ ಹೆಸರು ಸರಿಯಾಗಿ ಹೇಳಿದವನು ಗ್ರಾಂಟ್ ರೋಡಿನ ಹೋಟೆಲಿನಲ್ಲಿ ದೋಸೆ ಹುಯ್ಯುವವರ ಮಗ. ಗೇಟಿನ ಹೊರಗೆ ಎಲ್ಲರಿಗಿಂತ ಹೆಚ್ಚು ಬಡಿದಾಡುತ್ತಿದ್ದವನೇ. ಹೊಡಿ ಎಂದಾಗ ತನ್ನ ಕಾಲಬೆರಳು ನೋಡುತ್ತ, "ನಾನು ಹೊಡೆಯುದಿಲ್ಲ ಸರ್" ಎಂದ. ಅವನಿಗೂ ಬೆತ್ತ ಬಿತ್ತು. ಮೂರನೆಯ ದಿನ ಇನ್ನೊಬ್ಬಳು. ಒಳಗೊಳಗೇ ಮಾತಾಡಿಕೊಂಡಿದ್ದರೋ ಏನೋ, ನನಗೆ ಯಾರೂ ಹೇಳಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಮಾಸ್ತರರ ಕೈಯೇ ಸೋತಿತು. ಬೆತ್ತವನ್ನು ಮೇಜಿನ ಮೇಲೆ ಎಸೆದು, "ಹೊಡೆಯುದಿಲ್ಲ ಅಂತಾದರೆ ನೀವೇ ಹೇಳಿಕೊಡಿ ಮಾರಾಯ್ರೆ! ಗೊತ್ತಿದ್ದವರು ಗೊತ್ತಿಲ್ಲದವರ ಪಕ್ಕ ಹೋಗಿ ಕೂತುಕೊಳ್ಳಿ. ಅವರಿಗೆ ಬರುವವರೆಗೆ ಏಳಬಾರದು" ಎಂದರು. ಶಿಕ್ಷೆಯೆಂದೇ ಹೇಳಿದ್ದು. ಅದೇ ರೂಢಿಯಾಯಿತು. ಮೊದಮೊದಲು ಗುಜುಗುಜು, ಆಮೇಲೆ ನಗು. ಸಂಜೆ ಗೇಟಿನ ಹೊರಗೆ ಕಾಯಲು ಯಾರಿಗೂ ಕಾರಣ ಉಳಿಯಲಿಲ್ಲ. ಹೆಡ್‌ಮಾಸ್ತರರು ಕೆಲವು ದಿನ ಬೆತ್ತ ಹಿಡಿದು ಬಂದು ನಿಂತರು, ಆಮೇಲೆ ಬರುವುದನ್ನು ಬಿಟ್ಟರು. ಎಲ್ಲರಿಗೂ ಎಲ್ಲರೂ ಬೇಕಾದರು. ನಾನು ಮಾತ್ರ ನೀರಿನ ಹಂಡೆಯ ಹಿಂದೆಯೇ ಇದ್ದೆ.

ಇನ್ನು ಯಾರನ್ನೂ ಹೊಡೆಯಬೇಕಾಗಿಲ್ಲವೆಂದಾದ ಮೇಲೆ ವ್ರತ ಬಿಟ್ಟು ಮತ್ತೆ ಉತ್ತರ ಹೇಳತೊಡಗಿದೆ. ಪರೀಕ್ಷೆ ಹತ್ತಿರ ಬಂದಾಗ ಒಂದು ದಿನ ಮಾಸ್ತರರು ನನ್ನತ್ತ ಬೆರಳು ಮಾಡಿ, "ನೀನು ಅವಳಿಗೆ ಭಾಗಾಕಾರ ಹೇಳಿಕೊಡು" ಎಂದರು. ಅವಳೆಂದರೆ ನನ್ನ ಗೆಳತಿ. ಹೋಗಿ ಪಕ್ಕದಲ್ಲಿ ಕೂತೆ. ಅವಳು ಏಳಲಿಲ್ಲ, ಪಾಟಿಯನ್ನು ನಮ್ಮಿಬ್ಬರ ನಡುವೆ ಸರಿಸಿದಳು. ಎಂಟು ತಿಂಗಳಲ್ಲಿ ಮೊದಲ ಸಲ ಅವಳ ಕೂದಲ ಎಣ್ಣೆಯ ವಾಸನೆ ಬಂತು. ಹೇಳಬೇಕಾದ ಮಾತು ಒಂದೇ ಇತ್ತು, ತಪ್ಪಾತು. ಮೊದಲು ಲೆಕ್ಕ ಮುಗಿಯಲಿ, ಆಮೇಲೆ ಹೇಳುತ್ತೇನೆಂದುಕೊಂಡೆ.

ಬಳಪ ತೆಗೆದುಕೊಳ್ಳಲು ಕೈ ಎತ್ತಿದೆ. ಅವಳ ಕೈ ಸರಕ್ಕನೆ ಹೋಗಿ ಮೂಗನ್ನು ಮುಚ್ಚಿಕೊಂಡಿತು.

ಕೈ ಹೋದದ್ದು ಅವಳಿಗೇ ಗೊತ್ತಾಗಲಿಲ್ಲ. ಕಣ್ಣು ಪಾಟಿಯ ಮೇಲೆಯೇ ಇತ್ತು, ಲೆಕ್ಕ ಕಲಿಯಲೆಂದೇ ಕೂತಿದ್ದಳು, ಸಿಟ್ಟೂ ಇರಲಿಲ್ಲ. ಕೈ ಮಾತ್ರ ಮೂಗಿನ ಮೇಲೆ ಇತ್ತು.

ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತೆ. "ನೀನ ಬರಿ. ನಾ ಬಾಯಿಲೆ ಹೇಳ್ತೀನಿ" ಎಂದೆ. ಸ್ವಲ್ಪ ಹೊತ್ತಿನ ಮೇಲೆ ಅವಳ ಕೈ ಇಳಿದು ಬಳಪ ಹಿಡಿಯಿತು. ಹಾಗೆಯೇ ಒಂಬತ್ತು ದಿನ ಕಲಿಸಿದೆ, ತಪ್ಪಾತು ಎನ್ನುವುದು ಉಳಿದೇ ಹೋಯಿತು. ಬೇಸಗೆಯಲ್ಲಿ ಅವರು ಚಾಳು ಬಿಟ್ಟು ಬೇರೆ ಗಿರಣಿಯ ಹತ್ತಿರ ಹೋದರು, ಮತ್ತೆ ನೋಡಲಿಲ್ಲ. ಆ ವರ್ಷದ ಪರೀಕ್ಷೆಯಲ್ಲಿ ಅವಳ ಭಾಗಾಕಾರಗಳೆಲ್ಲ ಸರಿಯಾಗಿದ್ದವು.