ಮುಖ ನೋಡದ ಸಿಸ್ಟರಮ್ಮ

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಸುಣ್ಣದಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗಾಗಿ ಬಿರುಕು ಬಿಟ್ಟಿದ್ದವು. ದಿನಾ ಸ್ಪಿರಿಟ್ಟಿನಲ್ಲಿ ಗಾಜಿನ ಸ್ಲೈಡು ಅದ್ದಿ ಅದ್ದಿ ಹಾಗಾಗಿತ್ತು. ಸಿಂಧನೂರಿನಲ್ಲಿ ನರ್ಸಾಗಿದ್ದ ಅವರು ಎಲ್ಲರಿಗೂ ಸಿಸ್ಟರಮ್ಮ. ಹೆಂಗಸರ ಗರ್ಭಕೋಶದ ಬಾಯಿಂದ ಕಡ್ಡಿಯಲ್ಲಿ ಒಂದಿಷ್ಟು ಕೆರೆದು, ಗಾಜಿಗೆ ಸವರಿ, ಕ್ಯಾನ್ಸರಿನ ಪರೀಕ್ಷೆಗೆಂದು ದೊಡ್ಡ ಆಸ್ಪತ್ರೆಗೆ ಮುಟ್ಟಿಸುವುದು ಅವರ ಕೆಲಸ. "ಹಸೀದಿದ್ದಾಗನ ಅದ್ದಬೇಕು. ಗಾಳಿಗೆ ಒಣಗಿತಂದ್ರ ಕೆಲಸಕ್ಕ ಬರಂಗಿಲ್ಲ," ಎನ್ನುತ್ತಿದ್ದರು. ಸ್ಲೈಡಿನ ಮೇಲೆ ಹೆಸರು ಬರೆಯುವ ಪೆನ್ಸಿಲ್ಲು ಸದಾ ತುರುಬಿನಲ್ಲಿ. ಬಸ್ಸಿನಲ್ಲಿ ಸ್ಲೈಡಿನ ಡಬ್ಬಿಯನ್ನು ತೊಡೆಯಿಂದ ಇಳಿಸುತ್ತಿರಲಿಲ್ಲ. ಕಂಡಕ್ಟರು ಲಗೇಜು ಎಂದು ತಕರಾರು ತೆಗೆದರೆ, "ಇದರಾಗ ಮೂವತ್ತು ಮಂದಿ ಕುಂತಾರ. ಎಲ್ಲಾರಿಗೂ ಟಿಕೀಟ್ ಹರೀತಿ ಏನು?" ಎಂದು ಅವನ ಬಾಯಿ ಮುಚ್ಚಿಸುತ್ತಿದ್ದರು.

ಅವರ ಅಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿಯ ಮೇಲೆ ದುಡಿದವರು. ಕೆಳಗೆ ಇಳಿಯುವವರು ತಮ್ಮ ನಂಬರಿನ ಬಿಲ್ಲೆಯನ್ನು ಮೊಳೆಗೆ ತೂಗುಹಾಕಿ ಇಳಿಯಬೇಕು, ಮೇಲೆ ಬಂದು ತೆಗೆದುಕೊಳ್ಳಬೇಕು. ಒಂದು ಬಿಲ್ಲೆ ಉಳಿದರೂ ಹುಡುಕಲು ಮತ್ತೆ ಇಳಿಯುತ್ತಿದ್ದರಂತೆ. ಸಿಸ್ಟರಮ್ಮನಿಗೆ ಒಂದೊಂದು ಸ್ಲೈಡೂ ಅಂಥ ಬಿಲ್ಲೆ. "ಇಳದವ್ರು ಏರಬೇಕು," ಎನ್ನುವುದು ಅವರ ಮಾತು.

ನಾನು ಮಸ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ನನಗೆ ಮೂವತ್ತೆಂಟು. ತಿಂಗಳ ನಡುವೆ ರಕ್ತ ಕಾಣಿಸತೊಡಗಿತ್ತು. ಆ ಜಾಗದ ರೋಗವೆಂದರೆ ನಮ್ಮಲ್ಲಿ ಮೊದಲು ಏಳುವುದು ನಡತೆಯ ಮಾತು. ಅದಕ್ಕೇ ನನ್ನ ಗುರುತಿಲ್ಲದ ಸಿಂಧನೂರಿನಲ್ಲಿ ಸಿಸ್ಟರಮ್ಮ ನಡೆಸುತ್ತಿದ್ದ ಪರೀಕ್ಷೆಯ ಕ್ಯಾಂಪಿಗೆ, ಸೆರಗನ್ನು ಮೂಗಿನ ತನಕ ಎಳೆದುಕೊಂಡು ಹೋದೆ. ಹೆಸರು ಕೇಳಿದಾಗ ಸಾಲಗುಂದದ ಹುಲಿಗೆಮ್ಮ ಎಂದೆ. ನಮ್ಮ ಕಡೆ ಹುಲಿಗೆಮ್ಮ ಇಲ್ಲದ ಊರಿಲ್ಲ, ಆ ಧೈರ್ಯ. ಸಿಸ್ಟರಮ್ಮ ಬರೆದುಕೊಂಡರು, ತಲೆ ಎತ್ತಲಿಲ್ಲ. ಹೆಂಗಸರು ನಾಚುತ್ತಾರೆಂದು ಅವರು ಕ್ಯಾಂಪಿನಲ್ಲಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ತಿಂಗಳಾಗಿತ್ತು. ಒಂದು ಬೆಳಿಗ್ಗೆ ಬೋರ್ಡಿನ ಮೇಲೆ ಜೀವಕೋಶದ ಚಿತ್ರ ಬಿಡಿಸುತ್ತಿದ್ದೆ. ತಿರುಗಿದರೆ ಬಾಗಿಲಲ್ಲಿ ಸಿಸ್ಟರಮ್ಮ. ನನ್ನ ಗುರುತು ಹತ್ತದೆ, ದನಿ ತಗ್ಗಿಸಿ ಹೇಳಿದರು.

"ಟೀಚರ್ರೀ, ಸಾಲಗುಂದದ ಹುಲಿಗೆಮ್ಮ ಅನ್ನಾಕಿ ಪರೀಕ್ಷಾದ ಕಾಗದ ಬಂದದ. ಚಲೋ ಇಲ್ಲ. ಈಗ ಸಿಕ್ಕಳಂದ್ರ ಉಳೀತಾಳ್ರಿ. ಆ ಊರಾಗ ಮೂರು ಮಂದಿ ಹುಲಿಗೆಮ್ಮ ಅದಾರ. ಇಬ್ಬರು ನಾವಲ್ಲ ಅಂದ್ರು. ಇನ್ನೊಬ್ಬಾಕಿ ಮಸ್ಕಿಗೆ ತವರಮನಿಗೆ ಬಂದಾಳಂತ. ನಿಮ್ಮ ಹುಡುಗ್ರನ್ನ ಕೇಳ್ರಿ."

ಕೇಳಿದೆ. ನನ್ನ ಬಾಯಿಂದಲೇ ಕೇಳಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ನಮ್ಮ ಓಣ್ಯಾಗ ಅದಾಳ್ರಿ ಟೀಚರ್," ಎಂದಳು. ಸಿಸ್ಟರಮ್ಮ ನನಗೆ ಕೈಮುಗಿದು ಆ ಹುಡುಗಿಯನ್ನು ಕರೆದುಕೊಂಡು ಹೋದರು. ನಾನು ಬೋರ್ಡಿನ ಕಡೆ ತಿರುಗಿದೆ.

ಆರು ದಿನ ಬಾಯಿ ಬಿಡಲಿಲ್ಲ. ಆ ಹುಡುಗಿ ದಿನಕ್ಕೊಂದು ಸುದ್ದಿ ತರುತ್ತಿದ್ದಳು. ಹುಲಿಗೆಮ್ಮ ತಾನು ಕ್ಯಾಂಪಿಗೆ ಹೋಗಿಯೇ ಇಲ್ಲ ಎನ್ನುತ್ತಾಳೆ. ನಾಚಿಕೆಗೆ ಎಲ್ಲರೂ ಹಾಗೇ ಅನ್ನುವುದರಿಂದ ಯಾರೂ ನಂಬುತ್ತಿಲ್ಲ, ಸಿಸ್ಟರಮ್ಮ ಕೂಡ. ಅವಳು ಮುಟ್ಟಿದ ನೀರು ಕುಡಿಯುವುದಿಲ್ಲ ಎಂದಳಂತೆ ಅತ್ತೆ. ಗರ್ಭಕೋಶ ತೆಗೆಸಿಬಿಡಿ, ಪೀಡೆ ಹೋಗಲಿ ಎಂದನಂತೆ ಗಂಡ. ಸೋಮವಾರ ಲಿಂಗಸುಗೂರಿನ ಡಾಕ್ಟರ ಹತ್ತಿರ ಹೋಗುವುದೆಂದು ಠರಾವಾಯಿತು.

ಆ ದಿನಗಳಲ್ಲಿ ನನ್ನೊಳಗೆ ಏನು ನಡೆದಿತ್ತೆಂದು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಈ ರೋಗಕ್ಕೆ ಮೂಲ ಒಂದು ವೈರಸ್ಸು. ಬಹಳ ಹೆಂಗಸರಲ್ಲಿ ಬಂದು ತಾನೇ ಹೋಗುತ್ತದೆ. ಕೆಲವರಲ್ಲಿ ಕೂತುಬಿಡುತ್ತದೆ. ಅದರ ಡಿಎನ್‌ಎ ಮೇಲೆ ನಮ್ಮದೇ ಜೀವಕೋಶ ಮೀಥೈಲ್ ಎಂಬ ಸಣ್ಣ ಸಣ್ಣ ಗುರುತುಗಳನ್ನು ಅಂಟಿಸುತ್ತದೆ. ಎಷ್ಟೋ ಸಲ ಅದರಿಂದ ವೈರಸ್ಸಿನ ಬಾಯಿ ಕಟ್ಟುತ್ತದೆ. ಆದರೆ ವೈರಸ್ಸನ್ನು ಹದ್ದುಬಸ್ತಿನಲ್ಲಿಡುವ ಡಿಎನ್‌ಎ ಜಾಗದ ಮೇಲೆಯೇ ಗುರುತು ಬಿದ್ದರೆ, ಕಾಲುವೆಯ ಗೇಟು ಇಳಿಸುವ ತಿರುಪಿಗೇ ಬೀಗ ಜಡಿದಂತೆ. ನೀರು ನಿಲ್ಲಿಸಲಾಗದು, ಜೀವಕೋಶಗಳು ಲಂಗುಲಗಾಮಿಲ್ಲದೆ ಬೆಳೆಯುತ್ತವೆ. ರೋಗ ಮುಂದೆ ಹೋದಷ್ಟೂ ಅಂಥ ಗುರುತುಗಳು ಹೆಚ್ಚುತ್ತವಂತೆ. ಇದು ವರ್ಷಗಟ್ಟಲೆ ನಡೆಯುವ ಕೆಲಸ, ಆರು ದಿನದಲ್ಲಿ ಮುಗಿಯುವಂಥದ್ದಲ್ಲ ಎಂದು ಈಗ ಗೊತ್ತು. ಆಗ ಗೊತ್ತಿರಲಿಲ್ಲ. ಪಾಠ ಮಾಡುತ್ತಲೇ ಕಿಬ್ಬೊಟ್ಟೆ ಒತ್ತಿ ನೋಡಿಕೊಳ್ಳುತ್ತಿದ್ದೆ. ಸಾವಿನ ಭಯ ಒಂದು ಕಡೆ, ಮರ್ಯಾದೆಯ ಭಯ ಇನ್ನೊಂದು ಕಡೆ. ಖರೇ ಹೇಳಬೇಕೆಂದರೆ ಎರಡನೆಯದೇ ದೊಡ್ಡದಿತ್ತು.

ಸೋಮವಾರ ರಜೆ ಚೀಟಿ ಬರೆದಿಟ್ಟು ಲಿಂಗಸುಗೂರಿನ ಬಸ್ಸು ಹತ್ತಿದೆ. ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಹುಲಿಗೆಮ್ಮ ಕೂತಿದ್ದಳು. ಇಪ್ಪತ್ತೈದೂ ದಾಟಿರದ ಹೆಣ್ಣು, ಅತ್ತು ಅತ್ತು ಕಣ್ಣು ಬಾತಿದ್ದವು. ಸಿಸ್ಟರಮ್ಮನನ್ನು ಬದಿಗೆ ಕರೆದೆ.

"ಆ ಸ್ಲೈಡ್ ನಂದ್ರಿ. ಸುಳ್ಳು ಹೆಸರು ಹೇಳಿದ್ದೆ."

ಆಗ ಅವರು ನನ್ನ ಮುಖ ನೋಡಿದರು. ಬೈದಿದ್ದರೆ ಹಗುರಾಗುತ್ತಿದ್ದೆ.

"ಆವತ್ತು ಕೈಯಾಗ ಚಾಕ್‌ಪೀಸ್ ಹಿಡಕೊಂಡು ನಿಂತಿದ್ದಿ," ಎಂದರು. "ನನಗ ಹೇಳಬೇಕಿತ್ತಿಲ್ಲೋ?" ಅಲ್ಲಿಯ ತನಕ ರೀ ಎನ್ನುತ್ತಿದ್ದವರು ಅಂದಿನಿಂದ ನೀ ಎಂದೇ ಕರೆದರು.

"ಆಕಿ ಮುಂದ ನಾನೇ ಹೇಳ್ತೀನ್ರಿ," ಎಂದೆ.

"ಬ್ಯಾಡ. ಕ್ಯಾಂಪಿಗೆ ಬಂದಾಕಿ ಹೆಸರು ಹೊರಗ ಬಿತ್ತಂದ್ರ ನಾಳೆ ಯಾಕಿ ಬರ್ತಾಳ? ನೀ ಮೊದಲ ನಿನ್ನ ಜೀವ ನೋಡ್ಕೋ."

ಹೋಗಿ ಹುಲಿಗೆಮ್ಮನ ಎರಡೂ ಕೈ ಹಿಡಿದುಕೊಂಡರು. "ತಪ್ಪು ನಂದವ್ವ. ಕಾಗದ ಓದಾಕ ನಾನ ತಪ್ಪೀನಿ. ನಡಿ, ನಿಮ್ಮತ್ತಿ ಮುಂದ ಹೇಳ್ತೀನಿ."

ಅಂದೇ ಸಾಲಗುಂದಕ್ಕೆ ಹೋಗಿ ಅತ್ತೆಯ ಅಂಗಳದಲ್ಲಿ ಕೂತು, ಓಣಿಯ ಮಂದಿಯೆಲ್ಲ ನೋಡುತ್ತಿರುವಂತೆ ಹುಲಿಗೆಮ್ಮನ ಕೈಯಿಂದ ನೀರು ಇಸಿದುಕೊಂಡು ಕುಡಿದರಂತೆ. ಆ ಮನೆ ನೆಟ್ಟಗಾಯಿತು. ಮರುವಾರ ನನ್ನನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದು, ಆಪರೇಷನ್ ಮುಗಿಯುವ ತನಕ ಹೊರಗೆ ಕೂತಿದ್ದರು. ರೋಗ ಹರಡಿರಲಿಲ್ಲ. ಉಳಿದೆ.

ಆದರೆ ಸಾಲಗುಂದದಲ್ಲಿ ಅವರಿಗೆ "ಕಾಗದ ತಪ್ಪು ಓದಾಕಿ" ಎಂಬ ಹೆಸರು ಅಂಟಿತು. ಆಮೇಲೆ ಆ ಊರಿನ ಹೆಂಗಸರು ಕ್ಯಾಂಪಿಗೆ ಬರಲಿಲ್ಲ. ಸಿಸ್ಟರಮ್ಮ ಮನೆಮನೆಗೆ ಹೋಗಿ ಕರೆದರು, ಆ ಹೆಂಗಸರು ಒಳಗಿದ್ದೂ ಇಲ್ಲವೆನ್ನಿಸಿದರು. "ಬರ್ತಾರ ತಗೋ," ಎನ್ನುತ್ತಿದ್ದರು ನನ್ನ ಮುಂದೆ. ಸುಳ್ಳು ಹೆಸರು ಹೇಳಿದಾಕೆ ನಾನೇ ಎಂದು ಆ ಊರಿಗೆ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ.

ಆ ದಶಕ ಮುಗಿಯುವುದರೊಳಗೆ ಅವರು ತೀರಿಕೊಂಡರು. ಮಣ್ಣಿನ ದಿನ ಮುಕ್ಕುಂದ ಎಂಬ ಹಳ್ಳಿಯಿಂದ ಹೆಂಗಸರು ಟ್ರ್ಯಾಕ್ಟರು ಮಾಡಿಕೊಂಡು ಬಂದಿದ್ದರು. ಸಾಲಗುಂದದಿಂದ ಒಬ್ಬರೂ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ, ಆಗಲೂ ಸುಮ್ಮನಿದ್ದೆ.

ಸಿಸ್ಟರಮ್ಮ ಕಾಗದ ತಪ್ಪು ಓದಿರಲಿಲ್ಲ. ಹೆಸರು ಸುಳ್ಳು ಹೇಳಿದ್ದು ನಾನು. ಇಷ್ಟು ಬರೆಯಲು ನನಗೆ ಈ ವಯಸ್ಸಾಗಬೇಕಾಯಿತು. ಆ ಊರಿನಲ್ಲಿ ಪರೀಕ್ಷೆ ಇಲ್ಲದೆ ಸತ್ತವರೊಳಗೆ ನನ್ನ ಹಾಗೆ ಉಳಿಯಬಹುದಾಗಿದ್ದವರು ಎಷ್ಟು ಮಂದಿಯೋ, ನಾನು ಇವತ್ತಿಗೂ ಕೇಳಲು ಹೋಗಿಲ್ಲ.