ಒಂದೇ ಗೆರೆಯ ಹಕ್ಕಿ

ಆಂಪ್ಲಿಫೈಯರ್ ರಿಪೇರಿ ಮಾಡ್ತಾಳಲ್ಲ, ಎಲ್ಲರೂ ಸ್ಪೀಕರ್ ಡಾಕ್ಟ್ರು ಅಂತಾರಲ್ಲ, ಅವಳ ಕಥೆ ಇದು. ಅವಳಪ್ಪ ಅಂಗಡಿ ಬೋರ್ಡ್ ಬರೆಯೋರು. ಬರೆದ ಪ್ರತಿ ಬೋರ್ಡಿನ ಮೂಲೇಲಿ ಬ್ರಷ್ ಎತ್ತದೆ, ಒಂದೇ ಗೆರೇಲಿ ಒಂದು ಹಕ್ಕಿ. ಅದೇ ಅವರ ಸಹಿ. ಎರಡು ವರ್ಷದಿಂದ ಕೈ ನಡುಗತ್ತೆ ಅಂತ ಬ್ರಷ್ ಮುಟ್ಟಿಲ್ಲ, ಮನುಷ್ಯ ಮಂಕಾಗಿಬಿಟ್ಟಿದ್ರು. ಅಪ್ಪ ಇನ್ನೊಂದ್ಸಲ ಆ ಹಕ್ಕಿ ಬಿಡಿಸಲಿ ಅನ್ನೋದೊಂದೇ ಇವಳಾಸೆ.

ಅವಳ ಅಂಗಡೀಲಿ ಒಂದು ಹಳೇ ಆಸಿಲೋಸ್ಕೋಪ್ ಇದೆ, ಹಸಿರು ಪರದೆಯ ಪೆಟ್ಟಿಗೆ. ಎಡಗಡೆ ಸ್ಪೀಕರಿನ ಸದ್ದು ಕೊಟ್ರೆ ಬೆಳಕಿನ ಚುಕ್ಕಿ ಅಡ್ಡಡ್ಡ ಓಡತ್ತೆ, ಬಲಗಡೇದು ಕೊಟ್ರೆ ಮೇಲೆ ಕೆಳಗೆ. ಎರಡೂ ಸೇರಿದ್ರೆ ಎಲ್ಲಿಗೆ ಬೇಕಾದ್ರೂ ಹೋಗತ್ತೆ. ಇವಳು ಹಳೇ ಬೋರ್ಡಿಂದ ಹಕ್ಕೀನ ನಕಲು ಮಾಡಿ, ಗೆರೆ ಮೇಲೆ ನೂರಿಪ್ಪತ್ತು ಗುರುತು ಹಾಕಿ, ಆ ಗುರುತುಗಳನ್ನ ಕಂಪ್ಯೂಟರಲ್ಲಿ ಸದ್ದಾಗಿ ಬದಲಾಯಿಸಿದ್ಲು. ಕಿವಿಗೆ ಬರೀ ಗೊರ್ರ್ ಅನ್ನತ್ತೆ, ಪರದೆ ಮೇಲೆ ನೋಡಿದ್ರೆ ಹಕ್ಕಿ!

ಇದನ್ನ ನೋಡಿದ್ರೆ ಅಪ್ಪನಿಗೂ ಬಿಡಿಸೋ ಆಸೆ ಹುಟ್ಟಬಹುದು ಅಂದ್ಕೊಂಡ್ಲು. ಅವರಿಗೆ ಅಂಗಡಿ ಮೆಟ್ಟಿಲು ಹತ್ತಕ್ಕಾಗಲ್ಲ, ಅದಕ್ಕೆ ಫೋನಲ್ಲಿ ವಿಡಿಯೊ ತೆಗೆದ್ಲು. ಹಕ್ಕಿ ಚೂರು ಚೂರು. ಚುಕ್ಕಿ ಒಂದು ಸುತ್ತು ಮುಗಿಸೋಕೆ ಮುಂಚೆ ಕ್ಯಾಮೆರಾ ಕಣ್ಣು ಮುಚ್ಚಿಬಿಡತ್ತೆ. ಒಂದ್ಸಲ ಸ್ಲೋ ಮೋಷನ್ ಬಟನ್‌ಗೆ ಬೆರಳು ತಗುಲಿ ಆ ವಿಡಿಯೊನೂ ಹಾಳು. ಕಿಟಕಿ ಮುಚ್ಚಿ, ಕ್ಯಾಮೆರಾ ನಿಧಾನಕ್ಕೆ ಕಣ್ಣು ಮಿಟುಕಿಸೋ ಹಾಗೆ ಮಾಡಿ, ಆರನೇ ಸಲಕ್ಕೆ ಪೂರ್ತಿ ಹಕ್ಕಿ ಸಿಕ್ತು.

ಮನೇಲಿ ತೋರಿಸಿದ್ಲು. “ಚೆನ್ನಾಗಿದೆ ಕಣೆ,” ಅಂದ್ರು ಅಪ್ಪ. ನೆಂಟರ ಮಗುವಿನ ಫೋಟೊ ನೋಡಿ ಅಂತಾರಲ್ಲ, ಹಾಗೆ. ಇವಳ ಮುಖ ಸಪ್ಪಗಾಯ್ತು.

ಫೋನ್ ವಾಪಸ್ ಕೊಡೋವಾಗ ಅಪ್ಪನ ನಡುಗೋ ಬೆರಳು ತಗುಲಿ, ಆ ಹಾಳಾದ ಸ್ಲೋ ಮೋಷನ್ ಶುರುವಾಯ್ತು. ಪೂರ್ತಿ ಹಕ್ಕಿ ಇಲ್ಲ, ತುಂಡು ಗೆರೆ ಹರೀತಾ ಹೋಗ್ತಿದೆ. ಅಪ್ಪ ಕನ್ನಡಕ ಏರಿಸಿದ್ರು.

“ಏಯ್, ತಡಿ ತಡಿ. ಇದೇನೆ, ಕೊಕ್ಕಿಂದ ಬಾಲಕ್ಕೆ ಹೋಗ್ತಿದೆ? ನಾನು ಬಾಲದಿಂದ ಅಲ್ವಾ ಶುರು ಮಾಡೋದು!”

“ಯಾವ ಕಡೆಯಿಂದ ಹೋದ್ರೂ ಹಕ್ಕಿ ಅದೇ ಅಲ್ವಾಪ್ಪಾ?”

“ಅದೇನಾ? ಹಕ್ಕೀನ ಬಸ್ ಥರ ರಿವರ್ಸ್ ತೆಗೀತಿದ್ದೀಯಲ್ಲೇ!”

“ಮತ್ತೆ ಈಗ ತಾನೇ ಚೆನ್ನಾಗಿದೆ ಅಂದ್ರಿ?”

“ಮಗಳಲ್ವಾ, ಅಂದೆ.”

ಇವಳು ನಗ್ತಾ ಚೌಕ ಚೌಕದ ಗ್ರಾಫ್ ಹಾಳೆ, ಪೆನ್ಸಿಲ್ ತಂದು ಮುಂದಿಟ್ಲು. “ಹಾಗಾದ್ರೆ ನೀವೇ ಹಾಕಿ.”

“ಈ ಕೈಯಲ್ಲಿ ಗೆರೆ ಬರತ್ತೇನೇ?”

“ಗೆರೆ ಯಾರು ಕೇಳಿದ್ರು? ಚುಕ್ಕಿ ಇಡಿ ಸಾಕು. ಎಳೆಯೋದು ಮಷೀನ್ ಕೆಲಸ.”

ಅಪ್ಪ ಹಾಳೆ ನೋಡಿದ್ರು, ಅವಳನ್ನ ನೋಡಿದ್ರು. ಎಡಗೈಲಿ ಬಲಗೈ ಮಣಿಕಟ್ಟು ಹಿಡಿದು, ನಡುಕ ಸ್ವಲ್ಪ ಸಡಿಲ ಆಗೋವರೆಗೂ ಕಾದು, ಟಕ್ ಅಂತ ಒಂದು ಇಟ್ರು. ಬಾಲದ ತುದಿ. ಮತ್ತೆ ಕಾದ್ರು, ಟಕ್. ಒಂಬತ್ತನೇದು ಪಕ್ಕಕ್ಕೆ ಜಾರ್ತು. ಇವಳು ರಬ್ಬರ್ ತಗೊಂಡ್ರೆ, “ಮುಟ್ಟಬೇಡ, ನನ್ನದು ಅದು,” ಅಂತ ಗದರಿಸಿದ್ರು.

ಒಳಗಿಂದ ಅಮ್ಮ ಮೂರು ಸಲ ಊಟಕ್ಕೆ ಕರೆದ್ರು.

“ಕುತ್ತಿಗೆವರೆಗೂ ಬಂದಿದ್ದೀನಿ, ಸುಮ್ನಿರೇ!”